ಗೆಡ್ಡೆ ಚಿಕ್ಕದು, ನೀರುಚೀಲ ದೊಡ್ಡದು: ನೀರು ತೆಗೆದರೆ ಸಾಕೇ?

ಮೆದುಳಿನ ಗೆಡ್ಡೆಯ ಬಗ್ಗೆ ಬರುವ ಪತ್ರಗಳಲ್ಲಿ ಸುತ್ತಿ ಸುತ್ತಿ ಅದೇ ಪ್ರಶ್ನೆ: ‘ನೀರು ತೆಗೆಸಿಬಿಟ್ಟರೆ ಆಯ್ತಲ್ವಾ?’ ಈ ತಪ್ಪು ನಂಬಿಕೆಯಿಂದ ಕೆಲವರು ಆಪರೇಷನ್ ಮುಂದೂಡಿ ಕಣ್ಣು ಕಳೆದುಕೊಳ್ಳುತ್ತಾರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ.

ಪ್ರಶ್ನೆ: ತಂಗಿಗೆ 32 ವರ್ಷ. ಕಿರುಮೆದುಳಿನಲ್ಲಿ ಹೀಮ್ಯಾಂಜಿಯೋಬ್ಲಾಸ್ಟೋಮಾ ಎಂಬ ರಕ್ತನಾಳಗಳ ಗೆಡ್ಡೆ ಇರಬಹುದು ಎಂದು ಎಂಆರ್‌ಐ ರಿಪೋರ್ಟ್ ಬಂದಿದೆ. ಗೆಡ್ಡೆ 8 ಮಿ.ಮೀ., ಪಕ್ಕದ ನೀರುಚೀಲ 4 ಸೆಂ.ಮೀ. ಸೂಜಿಯಿಂದ ನೀರು ತೆಗೆದರೆ ಸಾಕು, ತಲೆ ತೆರೆಯುವುದು ಬೇಡ ಎಂದು ನೆಂಟರು ಹೇಳುತ್ತಾರೆ. ಸರಿಯೇ?

ಸರಿಯಲ್ಲ. ತೆಗೆದ ನೀರು ಮತ್ತೆ ತುಂಬಿಕೊಳ್ಳುತ್ತದೆ.

ಆ ನೀರು ತಂಗಿಯ ರಕ್ತದಿಂದಲೇ ಬಂದದ್ದು. ಮೆದುಳಿನ ರಕ್ತನಾಳಗಳ ಗೋಡೆ ಬೇರೆ ಅಂಗಗಳ ನಾಳಗಳಿಗಿಂತ ಬಹಳ ಬಿಗಿ. ಸುಮ್ನೆ ಏನನ್ನೂ ಒಳಗೆ ಬಿಡುವುದಿಲ್ಲ. ಈ ಗೆಡ್ಡೆ ವಿಇಜಿಎಫ್ ಎಂಬ ಬೆಳವಣಿಗೆ ಅಂಶವನ್ನು ಸುರಿಸುತ್ತದೆ. ಅದರ ಪ್ರಭಾವದಿಂದ ಹೊಸ ನಾಳಗಳು ಹುಟ್ಟುತ್ತವೆ, ಆ ನಾಳಗಳು ಸೋರುತ್ತವೆ. 1983ರಲ್ಲಿ ವಿಜ್ಞಾನಿಗಳು ಈ ಅಂಶವನ್ನು ಮೊದಲು ಗುರುತಿಸಿದ್ದೇ ‘ನಾಳಗಳನ್ನು ಸೋರಿಸುವ ವಸ್ತು’ ಎಂದು. ನಾಳ ಬೆಳೆಸುವ ಕೆಲಸವೂ ಅದರದೇ ಎಂದು ಖಚಿತವಾದದ್ದು 1989ರಲ್ಲಿ. ಗೆಡ್ಡೆಯ ಕಥೆಯಲ್ಲಿ ಜನ ಬೆಳವಣಿಗೆಯನ್ನು ಮಾತ್ರ ನೋಡುತ್ತಾರೆ. ರೋಗಿಯನ್ನು ಮೊದಲು ಮಲಗಿಸುವುದು ಹೆಚ್ಚಾಗಿ ಈ ಸೋರಿಕೆ.

ಹೀಮ್ಯಾಂಜಿಯೋಬ್ಲಾಸ್ಟೋಮಾದಲ್ಲಿ ಇಷ್ಟೊಂದು ವಿಇಜಿಎಫ್ ಯಾಕೆ? ಆಮ್ಲಜನಕ ಕಡಿಮೆಯಾದಾಗ ಜೀವಕೋಶದಲ್ಲಿ ಎಚ್‌ಐಎಫ್ ಎಂಬ ಪ್ರೋಟೀನ್ ಹೆಚ್ಚಿ, ವಿಇಜಿಎಫ್ ತಯಾರಿಸಲು ಹೇಳುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ವಿಎಚ್‌ಎಲ್ ಜೀನ್‌ನ ಪ್ರೋಟೀನ್ ಆ ಎಚ್‌ಐಎಫ್ ಅನ್ನು ಗುರುತಿಸಿ ನಾಶಕ್ಕೆ ಕಳಿಸುತ್ತದೆ. ಈ ಗೆಡ್ಡೆಗಳಲ್ಲಿ ಅನೇಕ ಸಲ ಆ ಜೀನೇ ಕೆಟ್ಟಿರುತ್ತದೆ. ಆಮ್ಲಜನಕ ಬೇಕಾದಷ್ಟಿದ್ದರೂ ಕೋಶ ಉಸಿರುಗಟ್ಟಿದಂತೆ ವರ್ತಿಸುತ್ತದೆ. 2019ರ ವೈದ್ಯಕೀಯ ನೊಬೆಲ್ ಬಂದದ್ದು ಜೀವಕೋಶ ಆಮ್ಲಜನಕವನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದವರಿಗೆ.

ಸೋರಿದ ದ್ರವ ಮೊದಲು ಸುತ್ತಲ ಮೆದುಳಿನಲ್ಲಿ ಹರಡಿಕೊಳ್ಳುತ್ತದೆ. ಅದೇ ಬಾವು. ಸುತ್ತಲ ಭಾಗ ಹೀರಿಕೊಳ್ಳುವುದಕ್ಕಿಂತ ಜಾಸ್ತಿ ಜಿನುಗತೊಡಗಿದರೆ ಒಂದು ಕಡೆ ನಿಂತು ಚೀಲವಾಗುತ್ತದೆ. ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ, ಆ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ವಿಎಚ್‌ಎಲ್ ರೋಗಿಗಳನ್ನು ವರ್ಷಗಟ್ಟಲೆ ಎಂಆರ್‌ಐ ಮಾಡಿ ನೋಡಿದಾಗ, ಮೊದಲು ಬಾವು ಇದ್ದ ಜಾಗದಲ್ಲೇ ಆಮೇಲೆ ಚೀಲ ಕಾಣಿಸಿತು. ಚೀಲದ ನೀರಿನ ಪ್ರೋಟೀನ್‌ಗಳೂ ರಕ್ತದ ಪ್ಲಾಸ್ಮಾವನ್ನೇ ಹೋಲುತ್ತಿದ್ದವು.

ಈಗ ನೆಂಟರ ಮಾತಿಗೆ ಬನ್ನಿ. ಗೆಡ್ಡೆ ಬಿಟ್ಟು ನೀರು ತೆಗೆಯುವುದೆಂದರೆ, ಒಡೆದ ಹೆಂಚು ಹಾಗೇ ಬಿಟ್ಟು ಕೆಳಗಿಟ್ಟ ಪಾತ್ರೆ ಚೆಲ್ಲಿದ ಹಾಗೆ. ಆ 8 ಮಿ.ಮೀ. ಗಂಟು ಪೂರ್ತಿ ಹೊರಬಂದರೆ ಚೀಲ ತಾನಾಗಿ ಕುಗ್ಗುತ್ತದೆ. ಚೀಲದ ಗೋಡೆ ಸಾಮಾನ್ಯವಾಗಿ ಒತ್ತಿಹೋದ ಮೆದುಳು ಅಷ್ಟೇ, ಅದನ್ನು ಕೀಳಬೇಕಿಲ್ಲ. ಆದರೆ ಈ ಮಾತನ್ನು ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಕ್ಯಾನ್ಸರ್‌ನ ಚೀಲಕ್ಕೆ ಅನ್ವಯಿಸಬೇಡಿ. ಅಲ್ಲಿ ಗೋಡೆಯಲ್ಲೂ ಗೆಡ್ಡೆ ಇರಬಹುದು.

ಸೂಜಿ ವಿಷಯದಲ್ಲಿ ನನ್ನದು ಬಲು ಎಚ್ಚರಿಕೆ. ಈ ಗಂಟು ತುಂಬಾ ರಕ್ತನಾಳಗಳ ಮುದ್ದೆ. ಚುಚ್ಚಿದರೆ ರಕ್ತ ಸುರಿಯಬಹುದು. ಪ್ರಾಣಕ್ಕೆ ಅಪಾಯವಿದ್ದಾಗ ಒತ್ತಡ ಇಳಿಸಲು ನೀರು ತೆಗೆಯುವುದುಂಟು. ಅದು ಆಪರೇಷನ್‌ವರೆಗೆ ಸಮಯ ಗಳಿಸಲು ಮಾತ್ರ.

ಇನ್ನೊಂದು ವಿಷಯ. ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಈ ಗೆಡ್ಡೆ ಇರುವವರಲ್ಲಿ ಸರಿಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಿಗೆ ವಂಶದಲ್ಲಿ ಬರುವ ವಿಎಚ್‌ಎಲ್ ಕಾಯಿಲೆ ಇರುತ್ತದೆ. ತಂಗಿಯ ಕಣ್ಣು, ಬೆನ್ನುಹುರಿ, ಮೂತ್ರಪಿಂಡ, ಮೇದೋಜೀರಕ ಗ್ರಂಥಿ ನೋಡಿಸಿ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗೆಡ್ಡೆ ಇದೆಯೇ ಎಂಬುದು ಆಪರೇಷನ್‌ಗೆ ಮೊದಲೇ ಗೊತ್ತಾಗಬೇಕು. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ಬಿಪಿ ಪ್ರಾಣಾಂತಕವಾಗಿ ಏರಬಹುದು. ‘ತುರ್ತು ಇಲ್ಲದಿದ್ದರೂ ಈ ಪರೀಕ್ಷೆ ಬಿಟ್ಟರು’ ಎಂದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜೀನ್ ಪರೀಕ್ಷೆಯಲ್ಲಿ ವಿಎಚ್‌ಎಲ್ ಬಂದರೆ ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ತಂಗಿಯ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಪ್ರಶ್ನೆ: ಒಂದು ನಾಟಿ ಪುಡಿಯಿಂದ ಅಮ್ಮನ ತಲೆನೋವು ಮೂರೇ ದಿನಕ್ಕೆ ನಿಂತಿತು. ಗೆಡ್ಡೆ ಕರಗಿತೆಂದು ತಿಳಿಯಬಹುದೇ?

ಖಂಡಿತ ಇಲ್ಲ. ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾಗಿದೆ. ಸ್ಟೀರಾಯ್ಡ್ ನಾಳಗಳ ಸೋರಿಕೆ ತಗ್ಗಿಸುತ್ತದೆ, ಬಾವು ಇಳಿಯುತ್ತದೆ, ತಲೆನೋವು ಹೋಗುತ್ತದೆ. ಗೆಡ್ಡೆ ಅಲ್ಲೇ ಕೂತಿರುತ್ತದೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಈ ಕೆಲಸ ಮಾಡುತ್ತದೆಂದು ವೈದ್ಯರಿಗೆ 1961ರಿಂದಲೇ ಗೊತ್ತು. ಅಳತೆಯಿಲ್ಲದೆ, ಹೇಳದೆ ಅದನ್ನು ತಿನ್ನಿಸುವವರು ರೋಗಿಗೆ ದ್ರೋಹ ಮಾಡುತ್ತಾರೆ. ಪುಡಿಯ ಡಬ್ಬಿಯನ್ನೂ ಹಿಡಿದುಕೊಂಡು ನಾಳೆಯೇ ನ್ಯೂರೋಸರ್ಜನ್ ಹತ್ತಿರ ಹೋಗಿ. ಅದನ್ನು ನೀವಾಗಿಯೇ ತಟ್ಟನೆ ನಿಲ್ಲಿಸಲೂಬೇಡಿ.

ಪ್ರಶ್ನೆ: ಡೆಕ್ಸಾಮೆಥಾಸೋನ್‌ನಿಂದ ಅಪ್ಪನ ಮುಖ ಊದಿದೆ. ಬಿಡಿಸಬಹುದೇ?

ನೀವಾಗಿ ಬಿಡಿಸಬೇಡಿ. ಕೆಲವು ವಾರ ತೆಗೆದುಕೊಂಡ ಮೇಲೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ತಗ್ಗಿಸಿರುತ್ತದೆ. ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಿ, ಸಕ್ಕರೆ ಪರೀಕ್ಷೆ ಮಾಡಿಸುತ್ತಿರಿ.

ಪ್ರಶ್ನೆ: ನೀರು ಕಡಿಮೆ ಕುಡಿದರೆ ಮೆದುಳಿನ ಬಾವು ಇಳಿಯುತ್ತದೆಯೇ?

ಇಲ್ಲ.

ಪ್ರಶ್ನೆ: ಅಣ್ಣನಿಗೆ ಗ್ಲಿಯೋಬ್ಲಾಸ್ಟೋಮಾ ಮರುಕಳಿಸಿದೆ. ವಿಇಜಿಎಫ್ ತಡೆಯುವ ಬೆವಾಸಿಝುಮ್ಯಾಬ್ ಇಂಜೆಕ್ಷನ್ ಆದಮೇಲೆ ಸ್ಕ್ಯಾನ್ ಬಹಳ ಚೆನ್ನಾಗಿದೆ. ವಾಸಿಯಾಯಿತೇ?

ಬಾವು ಇಳಿದಿದೆ. ಸ್ಟೀರಾಯ್ಡ್ ಕಡಿಮೆ ಮಾಡಲು, ದಿನಗಳು ಹಗುರಾಗಲು ಅದರಿಂದ ಸಹಾಯವಾಗುತ್ತದೆ, ನಾನೂ ಕೊಡುತ್ತೇನೆ. ಆದರೆ ಸೋರಿಕೆ ನಿಂತಾಗ ಸ್ಕ್ಯಾನ್‌ನಲ್ಲಿ ಬೆಳ್ಳಗೆ ಹೊಳೆಯುವ ಭಾಗವೂ ಮಸುಕಾಗುತ್ತದೆ. ಗೆಡ್ಡೆಯ ಕೋಶಗಳು ಅಷ್ಟೇ ಇದ್ದರೂ ಚಿತ್ರ ಸುಧಾರಿಸಿದಂತೆ ಕಾಣಬಹುದು. 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ ಹೊಸದಾಗಿ ಗ್ಲಿಯೋಬ್ಲಾಸ್ಟೋಮಾ ಪತ್ತೆಯಾದವರಿಗೆ ಮೊದಲಿಂದಲೇ ಇದನ್ನು ಕೊಟ್ಟು ನೋಡಿದರು. ಒಟ್ಟು ಆಯುಷ್ಯ ಹೆಚ್ಚಲಿಲ್ಲ. ಸಾಲ ಮಾಡಿ ಮುಂದಿನ ಡೋಸ್ ಹಾಕಿಸುವ ಮೊದಲು ವೈದ್ಯರ ಎದುರು ಕೂತು ಇದನ್ನು ಬಿಡಿಸಿ ಕೇಳಿ.

ಬೆಳಗ್ಗೆ ಎದ್ದಾಗ ವಾಂತಿ, ಒಂದು ಎರಡಾಗಿ ಕಾಣುವುದು, ಎಬ್ಬಿಸಿದರೂ ಮಂಪರು, ಹೊಸದಾಗಿ ನಡಿಗೆ ತೂರಾಡುವುದು: ಇವು ಕಂಡರೆ ನನಗೆ ಪತ್ರ ಬರೆಯುತ್ತ ಕೂರಬೇಡಿ. ಅದೇ ದಿನ ನ್ಯೂರೋಸರ್ಜರಿ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಹಳೆಯ ಸ್ಕ್ಯಾನ್ ಸಿ.ಡಿ. ಜೊತೆಗಿರಲಿ.