ಕಪಾಟಿನ ಫಾರೆಸ್ಟು, ಗುಡ್ಡದ ಅಡವಿ

ನಮ್ಮೂರಿನ ಮದುವೆಗೆ ಬಂದಾಗ ಹಾವೇರಿ ಜಿಲ್ಲೆಯ ಹಾನಗಲ್ ದಾಟಿದ ಮೇಲೆ ಒಂದು ಬೋಳು ಗುಡ್ಡ ತೋರಿಸಿ ನೀವು ಕೇಳಿದಿರಲ್ಲ, "ಇದನ್ನ ಯಾಕೆ ಫಾರೆಸ್ಟ್ ಅಂತೀರಿ, ಒಂದು ಮರಾನೂ ಇಲ್ವಲ್ಲ?" ಅಂತ. ನಮ್ಮ ಕಾಕಾ ನಕ್ಕು, "ಫಾರೆಸ್ಟ್ ಇರೋದು ಆಫೀಸಿನ ಕಪಾಟಿನ್ಯಾಗ್ರೀ ಸರ, ಗುಡ್ಡದ ಮ್ಯಾಲಲ್ಲ" ಅಂದರು. ನೀವು ತಮಾಷೆ ಅಂದುಕೊಂಡಿರಿ. ಕಾಕಾ ಮೂವತ್ತು ವರ್ಷದಿಂದ ಜಮೀನಿನ ಒಂದು ಫೈಲು ಹಿಡಿದುಕೊಂಡು ಓಡಾಡಿದ ಮನುಷ್ಯ, ಅವರು ಸುಮ್ನೆ ಹೇಳಿದ ಮಾತಲ್ಲ ಅದು. ಮದುವೆ ಗದ್ದಲದಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಈಗ ಹೇಳುತ್ತೇನೆ.

ಗಡಿನಾಡು ಅಂದರೆ ನಿಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ. ನಮ್ಮದು ಬೇರೆ ಥರದ ಗಡಿ. ಪಶ್ಚಿಮಕ್ಕೆ ಹೋದರೆ ಮುಂಡಗೋಡ, ಶಿರಸಿ, ದಟ್ಟ ಕಾಡು. ಪೂರ್ವಕ್ಕೆ ಹೋದರೆ ಹಾವೇರಿಯಾಚೆ ಎರೆ ಹೊಲ, ಹತ್ತಿ, ಗೋವಿನಜೋಳ. ನಾವು ಮಲೆನಾಡಿನ ಸೆರಗಿನಲ್ಲಿ ಕೂತವರು. ಕಾಗದಪತ್ರದಲ್ಲೂ ನಾವು ಸೆರಗಿನವರೇ. 1956ರ ತನಕ ಇದು ಮುಂಬೈ ಸರ್ಕಾರದ ಸೀಮೆ. ಅದಕ್ಕೇ ನೀವು ಪಹಣಿ ಅನ್ನೋದನ್ನ ನಾವು ಉತಾರ ಅಂತೀವಿ, ನೀವು ಗೋಮಾಳ ಅನ್ನೋದನ್ನ ಗಾಯರಾಣ ಅಂತೀವಿ.

ಇನ್ನೂ ಮೂರು ಮಾತು ತಿಳಿದುಕೊಳ್ಳಿ, ಇಲ್ಲಾಂದ್ರೆ ಮುಂದಿನದು ಅರ್ಥವಾಗಲ್ಲ. ನಮ್ಮಲ್ಲಿ ಆಲದ ಮರವೂ ಗಿಡವೇ. ಸಸಿ ನೆಡೋದಕ್ಕೆ "ಗಿಡ ಹಚ್ಚೋದು" ಅಂತೀವಿ, ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ. ಇನ್ನು ಅಡವಿ. ಅಪ್ಪ ಎಲ್ಲಿ ಅಂತ ಕೇಳಿದರೆ "ಅಡವಿಗೆ ಹೋಗ್ಯಾನ" ಅಂತೀವಿ. ಹುಲಿ ಇರುವ ಕಾಡಿಗೆ ಹೋಗಿದ್ದಾನೆ ಅಂತಲ್ಲ. ಹೊಲಕ್ಕೆ ಹೋಗಿರಬಹುದು, ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗಿರಬಹುದು. ಊರು ಮುಗಿದಲ್ಲಿಂದ ಅಡವಿ ಶುರು. ಅದಕ್ಕೆ ಬೇಲಿ ಇರಲಿಲ್ಲ, ಯಜಮಾನ ಯಾರು ಅಂತ ಯಾರೂ ಕೇಳುತ್ತಿರಲಿಲ್ಲ.

ಫಾರೆಸ್ಟ್ ಅನ್ನೋದು ಸರ್ಕಾರದ ಶಬ್ದ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು ಗೋದಾವರ್ಮನ್ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು. ನಿಘಂಟಿನ ಅರ್ಥದಲ್ಲಿ ಕಾಡು ಇದ್ದರೆ ಅದು ಅರಣ್ಯ. ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಬರೆದಿದ್ದರೆ ಅದೂ ಅರಣ್ಯ, ಜಮೀನು ಯಾರದೇ ಆಗಿರಲಿ. ಅಂದರೆ ಮರ ಇದ್ದರೂ ಫಾರೆಸ್ಟ್, ಕಾಗದ ಇದ್ದರೂ ಫಾರೆಸ್ಟ್. ನೀವು ನೋಡಿದ ಗುಡ್ಡ ಎರಡನೇ ಜಾತಿಯದು. ಮರ ಹೋಗಿ ಎಷ್ಟೋ ವರ್ಷ ಆಯಿತು, ಕಾಗದ ಗಟ್ಟಿ ನಿಂತಿದೆ. ಕಾಡು ಉಳಿಸೋಕೆ ಆ ಆದೇಶ ಬಹಳ ಕೆಲಸ ಮಾಡಿದೆ, ಇಲ್ಲ ಅನ್ನಲ್ಲ. ಆದರೆ ಕಾಗದದಲ್ಲಿ ಆ ಶಬ್ದ ಹೇಗೆ ಬಂತು, ಬರೆಯುವಾಗ ಅಲ್ಲಿ ಯಾರು ದನ ಮೇಯಿಸುತ್ತಿದ್ದರು ಅನ್ನೋ ಪ್ರಶ್ನೆ ಹಾಗೇ ಉಳಿಯಿತು. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಸೆಕ್ಷನ್ 4 ಅಂದರೆ "ಇದನ್ನ ಮೀಸಲು ಅರಣ್ಯ ಮಾಡಬೇಕು ಅಂತಿದ್ದೇವೆ" ಅನ್ನುವ ನೋಟಿಸು. ಸೆಕ್ಷನ್ 17 ಅಂದರೆ "ಮಾಡಿದೆವು". ನಡುವೆ ಜನರ ತಕರಾರು ಕೇಳಿ ಇತ್ಯರ್ಥ ಮಾಡಬೇಕು. ಎಷ್ಟೋ ಕಡೆ ಆ ನಡುವಿನ ಕೆಲಸ ದಶಕಗಟ್ಟಲೆ ನಿಂತುಬಿಟ್ಟಿದೆ.

ಬೋಳು ಗುಡ್ಡದಿಂದ ಏನು ಸಿಗುತ್ತೆ ಅಂತಲೂ ಕೇಳಿದಿರಿ. ಕರಡ ಸಿಗುತ್ತೆ, ಅಂದರೆ ಒಣಹುಲ್ಲು. ಒಲೆಗೆ ಕಟ್ಟಿಗೆ, ಬೇಲಿಗೆ ಜಾಲಿಮುಳ್ಳು, ಊಟದ ಪತ್ರಾವಳಿಗೆ ಮುತ್ತುಗದ ಎಲೆ. ಮಕ್ಕಳಿಗೆ ಕವಳಿಹಣ್ಣು, ಕಾರೆಹಣ್ಣು. ಹೊಲ ಇದ್ದವನಿಗೆ ಇದು ಕೈಖರ್ಚಿನ ಲೆಕ್ಕ. ಹೊಲ ಇಲ್ಲದೆ ಎರಡು ಆಡು ಕಟ್ಟಿಕೊಂಡ ಹೆಣ್ಣುಮಗಳಿಗೆ ಅದೇ ಸಂಸಾರ.

ಇಂಥ ಜಮೀನಿಗೇ ಒಮ್ಮೆ ಕುತ್ತು ಬಂತು. 1984ರಲ್ಲಿ ಸರ್ಕಾರವೂ ಮರದಿಂದ ತಿರುಳು ತೆಗೆಯುವ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅನ್ನುವ ಕಂಪನಿ ಕಟ್ಟಿದವು. ಧಾರವಾಡ, ಶಿವಮೊಗ್ಗ ಸೇರಿ ಕೆಲವು ಜಿಲ್ಲೆಗಳಲ್ಲಿ ಸುಮಾರು 75,000 ಎಕರೆ ಜಮೀನನ್ನು ನೀಲಗಿರಿ ಬೆಳೆಸೋಕೆ ಅದಕ್ಕೆ ಕೊಡುವುದು ಅಂತಾಯಿತು. ನಮ್ಮ ಹಾವೇರಿ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಬೇರೆ ಆಗಿದ್ದು 1997ರಲ್ಲಿ. ದಾಖಲೆಯಲ್ಲಿ ಇವು ಸಿ ಮತ್ತು ಡಿ ದರ್ಜೆ ಜಮೀನು, ಪಾಳು ಬಿದ್ದವು. ಊರಿನವರಿಗೆ ಅವು ಪಾಳಾಗಿರಲಿಲ್ಲ, ಈಗ ಹೇಳಿದೆನಲ್ಲ, ಕರಡ, ಕಟ್ಟಿಗೆ ಎಲ್ಲ ಅಲ್ಲಿಂದಲೇ. ನೀಲಗಿರಿ ಎಲೆಯನ್ನ ಆಡೂ ಮುಟ್ಟಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ, ಅದರ ಎಸ್.ಆರ್. ಹಿರೇಮಠರು ಇದರ ವಿರುದ್ಧ ನಿಂತರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಮೊದಲ ಅರ್ಜಿದಾರರಾದರು. ಕೋರ್ಟು 1987ರಲ್ಲಿ ತಡೆ ಕೊಟ್ಟಿತು. ಆದರೂ ಜನ ಕೋರ್ಟಿನ ಮೇಲಷ್ಟೇ ಭಾರ ಹಾಕಿ ಕೂರಲಿಲ್ಲ. ಅದೇ ವರ್ಷ ನವೆಂಬರ್ 14ರಂದು ನಮ್ಮ ತಾಲ್ಲೂಕಿನ ಕುಸನೂರಿನಲ್ಲಿ ಸೇರಿದರು. ಒಂದಿಷ್ಟು ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಹಣ್ಣಿಗೆ, ಮೇವಿಗೆ, ಉರುವಲಿಗೆ ಆಗುವ ಗಿಡ ಹಚ್ಚಿದರು. ಅದಕ್ಕೆ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತಲೇ ಹೆಸರು. ಈಗ ನಿಮಗೆ ಆ ಹೆಸರಿನ ಅರ್ಥ ಆಗುತ್ತೆ ಅಲ್ವಾ?

ಅಪ್ಪ ಹೋಗಿದ್ದರು, ಹೊಂಗೆ ಸಸಿ ಹಿಡಿದುಕೊಂಡು. ಪೊಲೀಸರು ಹಿಡಿದರೆ ಅಂತ ಅವ್ವ ಎರಡು ಹೊತ್ತಿನ ರೊಟ್ಟಿ ಕಟ್ಟಿಕೊಟ್ಟಿದ್ದಳು. ಕೀಳುವಾಗ ಅಪ್ಪನ ಕೈ ನಡುಗಿತಂತೆ. ಪೊಲೀಸರ ಹೆದರಿಕೆಗಲ್ಲ. "ಹಸುರಾಗಿದ್ದಿದ್ದು ಕಿತ್ತು ರೂಢಿ ಇಲ್ಲಪಾ" ಅನ್ನುತ್ತಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು.

ಗದಗ ಕಡೆಯವರನ್ನ ಕೇಳಿದರೆ ಕಪ್ಪತಗುಡ್ಡದ ಕಥೆ ಹೇಳುತ್ತಾರೆ. ಔಷಧಿ ಗಿಡಗಳ ಗುಡ್ಡ, ಒಡಲಲ್ಲಿ ಚಿನ್ನ. 2015ರಲ್ಲಿ ಅದನ್ನು ಸಂರಕ್ಷಿತ ಮೀಸಲು ಪ್ರದೇಶ ಅಂತ ಘೋಷಿಸಿದರು, 2016ರಲ್ಲಿ ಹಿಂದಕ್ಕೆ ತೆಗೆದುಕೊಂಡರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತು ಗದಗದಲ್ಲಿ ಜನ ಧರಣಿ ಕೂತ ಮೇಲೆ 2017ರಲ್ಲಿ ಮತ್ತೆ ಘೋಷಣೆ ಬಂತು. 2019ರಲ್ಲಿ ವನ್ಯಜೀವಿ ಧಾಮವಾಯಿತು. ಗಣಿ ತಡೆಯೋಕೆ ಅದು ಬೇಕಿತ್ತು, ನಾನೂ ಖುಷಿಪಟ್ಟವನೇ. ಆದರೆ ಧಾಮ ಅಂದಮೇಲೆ ಕುರಿ ಮೇಯಿಸೋಕೂ ಇಲಾಖೆಯ ಮುಖ ನೋಡಬೇಕು. ಗುಡ್ಡ ಉಳಿಯಲಿ ಅಂತ ಕೂಗಿದ ಕುರುಬನೇ ನಾಳೆ ಗುಡ್ಡದ ಹೊರಗೆ ನಿಲ್ಲಬೇಕಾಗಬಹುದು. ಈ ಬಿಸಿ ಬೆಂಗಳೂರಿಗೆ ಅಷ್ಟಾಗಿ ಮುಟ್ಟಲ್ಲ.

"ಹಂಗಾದ್ರೆ ಊರಿನವರಿಗೇ ಕೊಟ್ಟುಬಿಡಬಹುದಲ್ಲ?" ಅಂದಿರಿ. ಕೊಟ್ಟ ದೇಶಗಳಿವೆ. ನೇಪಾಳ 1993ರಲ್ಲಿ ಕಾನೂನು ಮಾಡಿ ಹಳ್ಳಿಯ ಬಳಕೆದಾರರ ಗುಂಪುಗಳಿಗೆ ಕಾಡು ಒಪ್ಪಿಸಿತು. ಭೂಮಿ ಸರ್ಕಾರದ್ದೇ, ಆದರೆ ಕಾಯುವುದು, ಬಳಸುವುದು, ಮಾರುವುದು ಗುಂಪಿನ ಕೈಲಿ. ಈಗ ಅಂಥ ಗುಂಪುಗಳು 22,000ಕ್ಕೂ ಜಾಸ್ತಿ. ನಮ್ಮಲ್ಲೂ ಅದೇ 1993ರಲ್ಲಿ ಗ್ರಾಮ ಅರಣ್ಯ ಸಮಿತಿ ಶುರುವಾಯಿತು. ವ್ಯತ್ಯಾಸ ಇಷ್ಟೇ: ಅಲ್ಲಿ ಶುರುವಾಗಿದ್ದು ಕಾನೂನಿನಿಂದ, ಇಲ್ಲಿ ಸರ್ಕಾರಿ ಆದೇಶದಿಂದ. ಅಲ್ಲಿ ಲೆಕ್ಕದ ಪುಸ್ತಕ ಊರಿನವರ ಹತ್ತಿರ, ಇಲ್ಲಿ ಸಮಿತಿಗೆ ಕಾರ್ಯದರ್ಶಿ ಇಲಾಖೆಯವರೇ. ನಮ್ಮೂರಿನ ಸಮಿತಿಯ ಸಭೆ ಕಡೆಯ ಸಲ ಯಾವಾಗ ಆಯಿತು ಅಂತ ಕಾಕಾನನ್ನ ಕೇಳಬೇಡಿ, ಬೈತಾರೆ.

ಕಾಡಿನ ಜಮೀನು ಉಳುವವರಿಗೆ, ಕಾಡು ನಂಬಿದವರಿಗೆ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆ ಬಂದಾಗ ಬಹಳ ಆಸೆ ಇತ್ತು. ಗ್ರಾಮಸಭೆಯೇ ಅರಣ್ಯ ಹಕ್ಕು ಸಮಿತಿ ಆರಿಸುತ್ತೆ, ಅರ್ಜಿ ಮೊದಲು ಅಲ್ಲಿಗೇ ಬರುತ್ತೆ. ಒಂದು ಕುಟುಂಬಕ್ಕೆ ಹೆಚ್ಚೆಂದರೆ 4 ಹೆಕ್ಟೇರ್, ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ. ಮಕ್ಕಳಿಗೆ ಹೋಗುತ್ತೆ, ಮಾರೋ ಹಾಗಿಲ್ಲ. ಊರಿಗೆ ಊರೇ ಸಮುದಾಯ ಹಕ್ಕು ಕೇಳಬಹುದು. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಹಳ್ಳಿ ಹಾಗೆ ಹಕ್ಕು ಪಡೆದು, 2011ರಿಂದ ತನ್ನ ಬಿದಿರನ್ನ ತಾನೇ ಮಾರಿತು. ನಮ್ಮ ಕಡೆ ಮಾತ್ರ ಎಲ್ಲರೂ ತಮ್ಮ ತಮ್ಮ ಎರಡು ಎಕರೆಗೇ ಓಡಿದೆವು, ನಮ್ಮ ಮನೆಯವರೂ ಸೇರಿ. ಗುಡ್ಡಕ್ಕೆ ಅಂತ ಅರ್ಜಿ ಬರೆದವರು ನನಗೆ ಗೊತ್ತಿದ್ದಂತೆ ನಮ್ಮೂರಲ್ಲಿ ಯಾರೂ ಇಲ್ಲ.

ಆ ಅರ್ಜಿಗಳಲ್ಲೂ ಗೊಂದಲ. ಕಂದಾಯ ಜಮೀನು ಉಳುವವನು ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದ ಸಾಗುವಳಿ, ಅಂತ ನಮೂನೆ 57 ತುಂಬಬೇಕಿತ್ತು. ಅರಣ್ಯ ಜಮೀನಾದರೆ ಅರಣ್ಯ ಹಕ್ಕಿನ ನಮೂನೆ. ಉತಾರದ ಕಲಂ 9ರಲ್ಲಿ ಬರೀ "ಸರ್ಕಾರ" ಅಂತಿದ್ದರೆ ರೈತನಿಗೆ ಹೇಗೆ ಗೊತ್ತಾಗಬೇಕು? ಕಾಕಾ ಕಂದಾಯದವರ ಹತ್ತಿರ ಹೋದರೆ "ಇದು ಫಾರೆಸ್ಟ್" ಅಂದರು, ಅರಣ್ಯದವರ ಕಡೆ ಹೋದರೆ "ಉತಾರದಾಗ ನಮ್ಮ ಹೆಸರೆಲ್ಲೈತಿ?" ಅಂದರು. ಫೈಲು ದಪ್ಪ ಆಯಿತು.

ಅರಣ್ಯ ಹಕ್ಕು ಕೇಳುವವರು ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿಂದ ಆ ಜಮೀನಿನಲ್ಲಿದ್ದರೆ ಸಾಕು. ಉಳಿದವರು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯ ನಂಬಿ ಬದುಕಿದ್ದನ್ನ ತೋರಿಸಬೇಕು. ಕಲಘಟಗಿ ಕಡೆಯ ಸಿದ್ದಿಗಳನ್ನ ನೋಡಿ. ಜಿಲ್ಲೆಯ ಗಡಿಯಾಚೆ ಹಳಿಯಾಳ, ಯಲ್ಲಾಪುರದ ಅವರ ನೆಂಟರು ಪರಿಶಿಷ್ಟ ಪಂಗಡ ಆಗಿದ್ದರು, ಈಚೆ ಧಾರವಾಡ ಜಿಲ್ಲೆಯಲ್ಲಿದ್ದವರು ಆಗಿರಲಿಲ್ಲ. ಅದೇ ಮನೆತನ, ಅದೇ ಕಾಡು. ಅದು ಸರಿಯಾಗಿದ್ದು 2020ರಲ್ಲಿ. ಗೌಳಿಗರಿಗೆ ಅದೂ ಇಲ್ಲ. ಎಮ್ಮೆ ಹೊಡೆದುಕೊಂಡು ಬದುಕಿದವರ ಹತ್ತಿರ 1930ರ ಕಾಗದ ಎಲ್ಲಿಂದ ಬರಬೇಕು? ನಿಯಮದಲ್ಲಿ ದಾರಿ ಇದೆ: ಹಿರಿಯರ ಹೇಳಿಕೆ ನಡೆಯುತ್ತೆ, ಹಳೇ ಬಾವಿ, ಸಮಾಧಿ, ದೇವರ ಜಾಗವೂ ಸಾಕ್ಷಿ ಆಗುತ್ತೆ. ಅದು ಎಷ್ಟೋ ಜನಕ್ಕೆ ಗೊತ್ತೇ ಇರಲಿಲ್ಲ.

ಒಂದು ಗೌಳಿ ದಡ್ಡಿಯಲ್ಲಿ, ಅಂದರೆ ಅವರ ಕೇರಿಯಲ್ಲಿ, ಅರ್ಜಿ ಬರೆದುಕೊಡೋಕೆ ನಾನೂ ಕೂತಿದ್ದೆ. ಅಲ್ಲಿನ ಅಜ್ಜಿ ಮದುವೆಯಾಗಿ ಬಂದ ವರ್ಷ ಗೊತ್ತಿಲ್ಲ ಅಂದಳು, "ಬೊಂಬಾಯಿ ಸರಕಾರ ಇತ್ತು" ಅಂದಳು. ಸಾಕ್ಷಿ ಏನಾದರೂ ಇದೆಯಾ ಅಂದಾಗ ಎದ್ದು ಹೋಗಿ ಒಂದು ಹುಣಸೆ ಗಿಡದ ಕೆಳಗೆ ನಿಂತಳು. ಎರಡು ಕಲ್ಲು, ಮೇಲೆ ಕುಂಕುಮ. ಅತ್ತೆ ಒಂದು, ಅತ್ತೆಯ ಅತ್ತೆ ಒಂದು. ಜೊತೆಗೆ ಬಂದಿದ್ದ ಹುಡುಗ ಮೊಬೈಲಿನಲ್ಲಿ ಜಿಪಿಎಸ್ ಗುರುತು ಹಾಕಿ, ಕಲ್ಲಿಗೆ ಒಂದು, ಎರಡು ಅಂತ ಸುಣ್ಣದಲ್ಲಿ ಬರೆಯೋಕೆ ಬಗ್ಗಿದ. ಅಜ್ಜಿ ಅವನ ಕೈ ಹಿಡಿದಳು. "ಇದಕ್ಕೂ ಸರ್ವೇ ನಂಬರ ಕೊಡ್ತೀರೇನೋ ತಮ್ಮಾ?"