‘ಕಿಡಿಗೇಡಿ’ ಎಂದು ಬರೆಯುವ ಮುನ್ನ: ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಕೂಲಿಕಾರರ ಧರಣಿಯ ವರದಿಯನ್ನು ಕುರಿತು ತಾವು ಬರೆದ ಪತ್ರ ತಲುಪಿದೆ. ‘ಕಿಡಿಗೇಡಿಗಳ ಪ್ರಚೋದನಕಾರಿ ಭಾಷಣದಿಂದ ಉದ್ರಿಕ್ತಗೊಂಡ ಗುಂಪು ದಾಂಧಲೆ ನಡೆಸಿತು’ ಎಂಬ ಒಂದೇ ವಾಕ್ಯವನ್ನು ಎತ್ತಿಕೊಂಡು ತಾವು ಮೂರು ಪ್ರಶ್ನೆ ಕೇಳಿದ್ದೀರಿ: ಈ ಕಿಡಿಗೇಡಿಗಳು ಯಾರು, ಅವರು ಆಡಿದ ಮಾತೇನು, ಇಂಥ ಪದಗಳನ್ನು ಪತ್ರಿಕೆ ಪೂರ್ತಿಯಾಗಿ ಏಕೆ ಕೈಬಿಡಬಾರದು? ಮೊದಲೆರಡಕ್ಕೆ ಉತ್ತರ ಹುಡುಕುವಾಗ ನನಗೆ ನಾಚಿಕೆಯಾಯಿತು. ಮೂರನೆಯದರಲ್ಲಿ ಮಾತ್ರ ತಮ್ಮನ್ನು ಪೂರ್ತಿ ಒಪ್ಪಲಾರೆ.

ವರದಿಗಾರರ ಟಿಪ್ಪಣಿ ಪುಸ್ತಕವನ್ನು ತರಿಸಿ ನೋಡಿದೆ. ಭಾಷಣಕಾರರು ಹೇಳಿದ್ದು ಇಷ್ಟು: ‘ಬಾಕಿ ಕೂಲಿ ಕೈಗೆ ಬರುವವರೆಗೆ ಈ ಗೇಟಿನ ಮುಂದಿನಿಂದ ಯಾರೂ ಏಳಬೇಡಿ.’ ಕಲ್ಲು ಬಿದ್ದದ್ದು ಅದಾಗಿ ಒಂದು ಗಂಟೆಯ ಮೇಲೆ, ಕಟ್ಟಡದ ಹಿಂಬದಿಯಲ್ಲಿ. ಎಸೆದವರನ್ನು ನಮ್ಮ ವರದಿಗಾರರು ಕಂಡಿಲ್ಲ. ಈ ಎರಡು ಸಂಗತಿಗಳಿಗೆ ಗಂಟು ಹಾಕಿದ್ದು ‘ಭಾಷಣದಿಂದ’ ಎಂಬಲ್ಲಿ ಕುಳಿತಿರುವ ‘ಇಂದ’ ಪ್ರತ್ಯಯ ಮಾತ್ರ. ಪೊಲೀಸರು ತನಿಖೆ ಮಾಡಿ, ನ್ಯಾಯಾಲಯ ಸಾಕ್ಷ್ಯ ಕೇಳಿ ತೀರ್ಮಾನಿಸಬೇಕಾದ ಕಾರ್ಯಕಾರಣ ಸಂಬಂಧವನ್ನು ನಾವು ಒಂದು ವಿಭಕ್ತಿಯಿಂದ ಮುಗಿಸಿಬಿಟ್ಟಿದ್ದೆವು. ಆ ಪುಟವನ್ನು ಓದಿ ಅಚ್ಚಿಗೆ ಕಳಿಸಿದವನು ನಾನೇ ಆದ್ದರಿಂದ ತಪ್ಪಿನ ಹೊಣೆಯೂ ನನ್ನದೇ.

ಕನ್ನಡದಲ್ಲಿ ಈ ಬಗೆಯ ಪದಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕೃತ್ಯವನ್ನು ಬಿಟ್ಟು ಮನುಷ್ಯನಿಗೇ ಅಂಟಿಕೊಳ್ಳುತ್ತವೆ. ಲಂಚಕೋರ, ಚಾಡಿಕೋರ, ಗಲಭೆಕೋರ, ದಂಗೆಕೋರ ಎಂಬಲ್ಲಿ ಬರುವ ‘ಕೋರ’ ಪಾರಸಿಯಿಂದ ಬಂದದ್ದು. ಅಲ್ಲಿ ಅದಕ್ಕೆ ತಿನ್ನುವವನು ಎಂಬ ಅರ್ಥವಿದೆ. ಲಂಚ ತಿನ್ನುವುದು ಒಬ್ಬನ ಚಾಳಿಯಾಗುವಂತೆ ಗಲಭೆಯೂ ಈತನ ಚಾಳಿಯೇ ಎಂದು ಆ ಪ್ರತ್ಯಯ ಸಾರಿಬಿಡುತ್ತದೆ. ಒಂದು ಸಂಜೆ ರಸ್ತೆಗಿಳಿದ ಹುಡುಗನಿಗೆ ಅದು ಜೀವಮಾನದ ಬಿರುದಾಗುತ್ತದೆ. ‘ಗಾರ’ ಪ್ರತ್ಯಯಕ್ಕೆ ಇಷ್ಟು ವಿಷವಿಲ್ಲ. ಮೋಸಗಾರನಿಗೂ ಅದೇ ಪ್ರತ್ಯಯ ಸಲ್ಲುತ್ತದಾದರೂ ನಾವು ಮೆಚ್ಚಿದವರು ಹೋರಾಟಗಾರರು, ಚಳವಳಿಗಾರರು, ಮೆಚ್ಚದವರು ಗಲಭೆಕೋರರು. ಪಕ್ಷ ಟಿಕೆಟ್ ಕೊಡಲಿಲ್ಲವೆಂದು ಮುನಿದು ಹೊರಬಂದವರನ್ನು ಬಂಡಾಯಗಾರರೆಂದು ಕರೆಯುವ ಪತ್ರಿಕೆಗಳೇ ಇನ್ನೊಂದು ಪುಟದಲ್ಲಿ ಬೇರೊಬ್ಬರನ್ನು ಬಂಡುಕೋರರೆಂದು ಬರೆಯುತ್ತವೆ.

ಇತಿಹಾಸದಲ್ಲಿಯೂ ಹೀಗೆಯೇ ಆಗಿದೆ. ಕೊಡಗು ಮತ್ತು ಸುಳ್ಯದ ಸೀಮೆಯ ರೈತರು 1837ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದು, ಮಂಗಳೂರಿನವರೆಗೆ ಬಂದು ಅದನ್ನು ಕೆಲವು ದಿನ ತಮ್ಮ ಹಿಡಿತದಲ್ಲಿ ಇಟ್ಟುಕೊಂಡರು. ಮುಂದಾಳಾಗಿದ್ದ ಕಲ್ಯಾಣಪ್ಪನ ಹೆಸರು ಸೇರಿ ಜನರ ಬಾಯಲ್ಲಿ ಬಹುಕಾಲ ಉಳಿದದ್ದು ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಮಾತು. ಕಾಟಕಾಯಿ ಎಂದರೆ ಲೂಟಿ, ಹಾವಳಿ. ಅದೇ ಘಟನೆಯನ್ನು ಇಂದು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟವೆಂದು ಸ್ಮರಿಸುತ್ತೇವೆ. 1857ರ ‘ಸಿಪಾಯಿ ದಂಗೆ’ ಸ್ವಾತಂತ್ರ್ಯ ಸಂಗ್ರಾಮವಾದ ಕಥೆಯಂತೂ ತಮಗೆ ತಿಳಿದದ್ದೇ.

ಇನ್ನು ‘ಪ್ರಚೋದನೆ’. ಬುದ್ಧಿಯನ್ನು ಪ್ರೇರೇಪಿಸಲಿ ಎಂದು ಬೇಡುವ ಗಾಯತ್ರಿ ಮಂತ್ರದ ‘ಪ್ರಚೋದಯಾತ್’ ಮತ್ತು ಎಫ್‌ಐಆರ್‌ನಲ್ಲಿ ಬರುವ ‘ಪ್ರಚೋದನೆ’ ಒಂದೇ ಧಾತುವಿನವು. ‘ಕುಮ್ಮಕ್ಕು’ ಕೂಡ ಮೂಲದಲ್ಲಿ ಬರಿಯ ನೆರವು. ಈಗ ಅದು ಕೆಟ್ಟ ಕೆಲಸದ ಬೆಂಬಲಕ್ಕೆ ಮಾತ್ರ ಮೀಸಲಾಗಿದೆ. ಮಾತಿನಿಂದ ಮನಸ್ಸನ್ನು ಅಲುಗಿಸುವುದು ತನ್ನಷ್ಟಕ್ಕೆ ಅಪರಾಧವಲ್ಲ. ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ರದ್ದುಪಡಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರೆ ಬೇರೆಯಾಗಿ ಗುರುತಿಸಿ, ಒಂದು ವಿಚಾರ ಎಷ್ಟೇ ಅಪ್ರಿಯವಾಗಿದ್ದರೂ ಅದರ ಚರ್ಚೆ ಮತ್ತು ಪ್ರತಿಪಾದನೆಗೆ ರಕ್ಷಣೆಯಿದೆ, ಅದು ಪ್ರಚೋದನೆಯ ಮಟ್ಟ ಮುಟ್ಟಿದಾಗಲಷ್ಟೇ ಕಡಿವಾಣಕ್ಕೆ ಅವಕಾಶ ಎಂದು ಹೇಳಿತು. ಗೇಟಿನ ಮುಂದೆ ಕುಳಿತಿರಿ ಎಂಬ ಕರೆ ಪ್ರತಿಪಾದನೆಯ ಗೆರೆಯನ್ನು ದಾಟಿರಲಿಲ್ಲ. ದಾಟಿದ್ದು ನಮ್ಮ ಪದ.

ಹಾಗೆಂದು ತಾವು ಹೇಳುವಂತೆ ಈ ಪದಗಳನ್ನೆಲ್ಲ ಕಟ್ಟಿಡಲು ನಾನು ಸಿದ್ಧನಿಲ್ಲ. ನೆರೆಯವರ ಮನೆಗೆ ಬೆಂಕಿಯಿಡಿ ಎಂದವನ ಮಾತನ್ನು ‘ವಿವಾದಾತ್ಮಕ ಹೇಳಿಕೆ’ ಎಂದು ಬರೆಯುವ ರೂಢಿ ಬೆಳೆದಿದೆ. ವಿವಾದಕ್ಕೆ ಎರಡು ಪಕ್ಷಗಳಿರಬೇಕು. ಮನೆ ಸುಡುವುದು ಸರಿಯೋ ತಪ್ಪೋ ಎಂಬುದರಲ್ಲಿ ಎರಡು ಪಕ್ಷಗಳಿಲ್ಲ. ಊರಿನ ಬೀದಿ ಹೊತ್ತಿ ಉರಿದದ್ದನ್ನು ‘ಗಲಾಟೆ’ ಎಂದು ಕರೆಯುವುದೂ ಅಷ್ಟೇ ದೊಡ್ಡ ಅನ್ಯಾಯ, ಏಕೆಂದರೆ ಮಕ್ಕಳಿಗೆ ‘ಗಲಾಟೆ ಮಾಡಬೇಡಿ’ ಎನ್ನುವಾಗಲೂ ನಾವು ಬಳಸುವುದು ಅದೇ ಪದವನ್ನು. ಐದು ಅಥವಾ ಅದಕ್ಕಿಂತ ಹೆಚ್ಚು ಜನರ ಅಕ್ರಮ ಕೂಟ ಹಿಂಸೆಗೆ ಇಳಿದರೆ ಕಾನೂನಿನ ಕನ್ನಡದಲ್ಲಿ ಅದಕ್ಕೆ ‘ದೊಂಬಿ’ ಎಂಬ ಖಚಿತವಾದ ಹೆಸರಿದೆ.

ಎಲ್ಲಕ್ಕಿಂತ ಕಷ್ಟದ್ದು ಕಾನೂನು ಬಲ್ಲ ಭಾಷಣಕಾರನನ್ನು ಕುರಿತು ಬರೆಯುವುದು. ಆತ ಹೊಡೆಯಿರಿ, ಸುಡಿರಿ ಎಂದು ಎಲ್ಲಿಯೂ ಹೇಳುವುದಿಲ್ಲ. ‘ನಿಮ್ಮ ರಕ್ತ ಕುದಿಯುವುದಿಲ್ಲವೇ? ಕೈಗೆ ಬಳೆ ತೊಟ್ಟುಕೊಂಡಿದ್ದೀರಾ?’ ಎಂದು ಕೇಳಿ ವೇದಿಕೆ ಇಳಿದು ಹೋಗುತ್ತಾನೆ. ಹೆಂಗಸರನ್ನು ಹಳಿಯುವ, ಗಂಡಸರ ಅಭಿಮಾನವನ್ನು ಚುಚ್ಚುವ ಆ ಒಂದು ಮಾತು ಏನು ಮಾಡುತ್ತದೆಂಬುದನ್ನು ಹೇಳಲು ಆಡುಗನ್ನಡದ ಕ್ರಿಯಾಪದಗಳು ‘ಪ್ರಚೋದನಕಾರಿ’ ಎಂಬ ವಿಶೇಷಣಕ್ಕಿಂತ ಎಷ್ಟೋ ಹರಿತವಾಗಿವೆ. ಎದುರಾಳಿಯನ್ನು ಕೆಣಕುವುದು ಬೇರೆ, ತನ್ನವರನ್ನು ಕೆರಳಿಸುವುದು ಬೇರೆ, ಸೋತು ಕುಳಿತವರನ್ನು ಹುರಿದುಂಬಿಸುವುದು ಬೇರೆ. ‘ಎತ್ತಿಕಟ್ಟು’ ಎಂಬುದಂತೂ ನಾನು ಬಹಳ ಗೌರವಿಸುವ ಮಾತು: ಯಾರು, ಯಾರನ್ನು, ಯಾರ ಮೇಲೆ ಎಂಬ ಮೂರೂ ತಿಳಿಯದೆ ಆ ಕ್ರಿಯಾಪದದ ವಾಕ್ಯ ಪೂರ್ಣವಾಗುವುದೇ ಇಲ್ಲ. ವರದಿಗಾರ ಅದನ್ನು ಬಳಸಬೇಕಾದರೆ ಆ ಮೂರನ್ನೂ ವಿಚಾರಿಸಿಕೊಂಡು ಬರಲೇಬೇಕು.

ಆದ್ದರಿಂದ ಮುಂದಿನ ಸಂಚಿಕೆಯಿಂದ ‘ಕಿಡಿಗೇಡಿ’ ಎಂಬುದು ನಮ್ಮ ವರದಿಗಳಲ್ಲಿ ಬೇರೆಯವರ ಮಾತನ್ನು ಉದ್ಧರಿಸುವಾಗ ಮಾತ್ರ, ಅದೂ ಹೇಳಿದವರು ಯಾರೆಂದು ತಿಳಿಸಿ, ಬರುತ್ತದೆ. ಭಾಷಣವೊಂದನ್ನು ಪ್ರಚೋದನಕಾರಿ ಎಂದು ಕರೆಯುವುದಾದರೆ ಭಾಷಣಕಾರ ಏನನ್ನು ಮಾಡಲು ಹೇಳಿದನೆಂಬುದು ಅದೇ ಪ್ಯಾರಾದಲ್ಲಿ ಇರಬೇಕೆಂದು ಸಹೋದ್ಯೋಗಿಗಳಿಗೆ ತಿಳಿಸಿದ್ದೇನೆ. ತಾವು ಆಕ್ಷೇಪಿಸಿದ ವಾಕ್ಯವನ್ನು ಈ ಸಂಚಿಕೆಯ ತಿದ್ದುಪಡಿಯಲ್ಲಿ ಹೀಗೆ ಓದಿಕೊಳ್ಳಬೇಕಾಗಿ ಕೋರಿದ್ದೇವೆ: ‘ಬಾಕಿ ಕೂಲಿ ಸಿಗುವವರೆಗೆ ಗೇಟಿನ ಮುಂದೆಯೇ ಕುಳಿತಿರುವಂತೆ ಭಾಷಣಕಾರರು ಧರಣಿನಿರತರಿಗೆ ಕರೆ ನೀಡಿದರು. ಸುಮಾರು ಒಂದು ಗಂಟೆಯ ನಂತರ ಕಟ್ಟಡದ ಹಿಂಬದಿಗೆ ಕಲ್ಲುಗಳು ಬಿದ್ದವು. ಎಸೆದವರು ಯಾರೆಂಬುದು ಗೊತ್ತಾಗಿಲ್ಲ.’

— ಸಂಪಾದಕ