ಮಕ್ಕಳ ಕಣ್ಣಿಗೆ ಬಿಸಿಲಿನಿಂದ ತೊಂದರೆ ಆಗುತ್ತಾ? ಕೂಲಿಂಗ್ ಗ್ಲಾಸ್ ಹಾಕಬೇಕಾ?

ಕೋಲಾರದ ಬಿಸಿಲಲ್ಲಿ ಆರು ವರ್ಷದ ಮಗ ದಿನವಿಡೀ ಆಡುತ್ತಾನೆ ಅಂದಿದ್ದೀರಿ. ಕೂಲಿಂಗ್ ಗ್ಲಾಸ್ ಒಳ್ಳೆಯದೇ, ಆದರೆ ಮೊದಲು ಟೋಪಿ. ಸುತ್ತಲೂ ಅಗಲ ಅಂಚಿರಲಿ, ಮೂಗಿನವರೆಗೂ ನೆರಳು ಬೀಳಬೇಕು.

ಮಕ್ಕಳ ಕಣ್ಣಿನ ಮಸೂರ ತುಂಬಾ ತಿಳಿ. ಹಾಗಾಗಿ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ (ಯುವಿ) ದೊಡ್ಡವರಿಗಿಂತ ಜಾಸ್ತಿ ಒಳಗೆ ಹೋಗುತ್ತದೆ. ಹಾನಿ ಇವತ್ತೇ ಕಾಣುವುದಿಲ್ಲ, ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ. ವಯಸ್ಸಾದಾಗ ಪೊರೆ ಬರುವುದಕ್ಕೆ ಇದೂ ಒಂದು ಕಾರಣ.

ಜಾತ್ರೆಯಲ್ಲಿ ಸಿಗುವ ಆಟಿಕೆ ಕನ್ನಡಕ ದಯವಿಟ್ಟು ಬೇಡ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅರಳುತ್ತದೆ. ಗಾಜಿಗೆ ತಡೆಯುವ ಗುಣ ಇಲ್ಲದಿದ್ದರೆ ಕಿರಣ ಸಲೀಸಾಗಿ ನುಗ್ಗುತ್ತದೆ. ಕನ್ನಡಕದ ಅಂಗಡಿಯಲ್ಲಿ ‘ಯುವಿ 400’ ಅಂತ, ಅಂದರೆ ಈ ಕಿರಣವನ್ನು ತಡೆಯುತ್ತದೆ ಅನ್ನುವ ಗುರುತು, ಇರುವುದನ್ನೇ ಕೇಳಿ ತಗೊಳ್ಳಿ.

ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಹುಣಸೆ ಮರದಡಿ ಆಡಲಿ. ಸುಮ್ನೆ ಮನೆಯೊಳಗೆ ಕೂಡಿಹಾಕಬೇಡಿ. ಹೊರಗೆ ಆಡುವ ಮಕ್ಕಳಿಗೆ ದೂರದ್ದು ಮಂಜಾಗಿ ಕಾಣುವ ತೊಂದರೆ ಕಡಿಮೆ.